ಹೆಪ್ಪಿಗೆ ಸುರಿದ ಬಿಸಿನೀರು

"ಢಂ!"

ಸವಳಂಗದ ಬಸ್ ಸ್ಟ್ಯಾಂಡ್ ಹಿಂದಿನ ಸಾಲುಮನೆಗಳು ಒಮ್ಮೆಲೇ ಬೆಚ್ಚಿಬಿದ್ದವು. ಸುಂಕಲಮ್ಮನ ಕೈಯಲ್ಲಿದ್ದ ಚಹಾದ ಲೋಟ ನೆಲಕ್ಕುರುಳಿತು.

ಊರಿಗೆ ನರ್ಸಾಗಿ ಬಂದ ಅವಳು ಇನ್ನೂ ಟ್ರಂಕನ್ನು ಕೂಡ ಪೂರ್ತಿ ಬಿಚ್ಚಿರಲಿಲ್ಲ. ಔಷಧಿ ಚೀಲ ಹಿಡಿದು ಹಿತ್ತಲಿಗೆ ಓಡಿದಳು. ಪಕ್ಕದ ಸೋಡಾ ಅಂಗಡಿಯ ಹಿಂಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಅಂಗೈಯಿಂದ ರಕ್ತ ಸುರಿಯುತ್ತಿದೆ, ಸುತ್ತ ಗಾಜಿನ ಚೂರು... ಅವನು ಮಾತ್ರ ನಗುತ್ತಿದ್ದಾನೆ!

"ಸೋಡಾ ಬಾಟ್ಲಿ ಸಿಡೀತೇನ್ರೀ?" ಎಂದಳು, ಅವನ ಕೈ ಹಿಡಿದು ಕೂರಿಸುತ್ತಾ.

"ಸೋಡಾ ಅಲ್ರೀ ಮೇಡಮ್, ಬೀರು! ನಾನೇ ಮಾಡಿದ್ದು. ರಾಗಿದು. ಸಿಡೀತು ಅಂದ್ರೆ ಜೀವ ಐತೆ ಅಂತ ಅಲ್ವಾ? ಹೋದ ಸಲದ್ದು ರಾಗಿ ತೊಳೆದ ನೀರಿನಂಗೆ ಸಪ್ಪಗಿತ್ತು!"

ಗಾಯ ಒರೆಸುತ್ತಿದ್ದ ಸುಂಕಲಮ್ಮನ ಕೈ ತಟ್ಟನೆ ನಿಂತಿತು. ಆಗಲೇ ಆ ವಾಸನೆ ಮೂಗಿಗೆ ತಾಗಿದ್ದು. ಹುಳಿ ಹುಳಿ, ಸಿಹಿ ಸಿಹಿ...

"ಮನೇಲಿ ಹೆಂಡ ಮಾಡ್ತೀರಾ? ನಾಚಿಕೆ ಆಗಲ್ವಾ?"

"ಮಾರಾಕೆ ಅಲ್ರೀ. ರುಚಿ ನೋಡಾಕೆ, ಒಂದೇ ಒಂದು ಗಡಿಗೆ..."

"ಇವನ ಹೆಸರು ಮೂಕಪ್ಪ ಕಣವ್ವ," ಎಂದು ಬೇಲಿಯಾಚೆಯಿಂದ ಕೂಗಿದಳು ಸುಂಕಲಮ್ಮನ ಮನೆಯೊಡತಿ ಅಜ್ಜಮ್ಮ. ಬೆಳಗಾದರೆ ಬಸ್ ಸ್ಟ್ಯಾಂಡಿನಲ್ಲಿ ಪಡ್ಡು ಮಾರುವವಳು ಅವಳು. "ಹೆಸರು ಇಟ್ಟೋರಿಗೆ ಒಂದು ದೊಡ್ಡ ನಮಸ್ಕಾರ. ಹುಟ್ಟಿದಾಗಿಂದ ಬಾಯಿ ಮುಚ್ಚಿಲ್ಲ!"

ಸುಂಕಲಮ್ಮ ನಗಲಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟಿ, ತಿರುಗಿಯೂ ನೋಡದೆ ಒಳಗೆ ಹೋದಳು.

ಹುಟ್ಟೂರು ಬಿಳಿಚೋಡಿನಲ್ಲಿ ಅವಳ ಅಪ್ಪ ಸಾರಾಯಿ ಕುಡಿದೇ ತೀರಿಹೋಗಿದ್ದ. ಅಪ್ಪನ ಅಂಗಿ ಒಗೆಯುವಾಗ ಅವ್ವ ಉಸಿರು ಬಿಗಿ ಹಿಡಿಯುತ್ತಿದ್ದುದು ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. 'ಇವನ ಜೊತೆ ಮಾತೇ ಬೇಡ' ಎಂದುಕೊಂಡಳು.

ಆದರೆ ಮಾತಾಡದೆ ಇರುವುದು ಹೇಗೆ?

ಹಳ್ಳಿ ಸುತ್ತಿ ಬಿಸಿಲಲ್ಲಿ ಬಂದರೆ ಕಿಟಕಿಯ ಮೇಲೆ ನಿಂಬೆಹಣ್ಣಿನ ಸೋಡಾ ಇರುತ್ತಿತ್ತು. ಅವಳ ಸೈಕಲ್ ಚಕ್ರಕ್ಕೆ ಗಾಳಿ ಯಾವಾಗ ತುಂಬಿದನೋ ತಿಳಿಯುತ್ತಿರಲಿಲ್ಲ. ಚುಚ್ಚುಮದ್ದಿಗೆ ಹೆದರಿ ಅಳುವ ಮಕ್ಕಳ ಮುಂದೆ ಸೋಡಾ ಬಾಟಲಿಯ ಗೋಲಿ ಕುಣಿಸಿ, ಅವು ಬಾಯಿ ತೆರೆದು ನೋಡುವಷ್ಟರಲ್ಲಿ "ಚುಚ್ರೀ ಮೇಡಮ್!" ಎಂದು ಕಣ್ಣು ಮಿಟುಕಿಸುತ್ತಿದ್ದ. ಗಾಳಿ ಅವಳ ಕೋಣೆಯತ್ತ ಬೀಸುವ ದಿನ ಗಡಿಗೆಯನ್ನು ಹಿತ್ತಲ ಆಚೆ ತುದಿಗೆ ಹೊತ್ತು ಇಡುತ್ತಿದ್ದ. ಯಾಕೆ ಅಂತ ಅವನು ಹೇಳಲಿಲ್ಲ. ಅವಳಿಗೆ ಗೊತ್ತಾಯಿತು.

ನಿಧಾನವಾಗಿ ಅವನ ಕೆಲಸವೂ ಅವಳಿಗೆ ಪರಿಚಯವಾಯಿತು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಘಮ್ಮೆನ್ನುವಷ್ಟು ಹುರಿದು, ಬೀಸಿ, ಬೆಲ್ಲದ ಜೊತೆ ಕಾಯಿಸಿ ಆರಿಸುತ್ತಿದ್ದ. ಕಹಿ ಬರಲೆಂದು ಒಮ್ಮೆ ಬೇವಿನ ಎಲೆ ಹಾಕಿ, ಎರಡು ದಿನ ಬಾಯಿಯ ಕಹಿ ಹೋಗದೆ ಒದ್ದಾಡಿದ್ದ! ಈಗ ಕಿತ್ತಳೆ ಸಿಪ್ಪೆ.

"ಎಲ್ಲದಕ್ಕಿಂತ ಮುಖ್ಯ ಇದು," ಎಂದು ಒಂದು ಪಿಂಗಾಣಿ ಭರಣಿ ತೋರಿಸಿದ. ತಳದಲ್ಲಿ ಬೂದು ಬಣ್ಣದ ಗಷ್ಟು. "ಹೆಪ್ಪು. ಇದು ಬಿದ್ರೇನೇ ಗಡಿಗೆ ಉಕ್ಕೋದು. ಚನ್ನಗಿರಿ ಕಡೆ ಹೆಂಡಕ್ಕೆ ಈಚಲ ಮರ ಕಟ್ಟೋ ಗಿಡ್ಡಪ್ಪಜ್ಜ ಕೊಟ್ಟಿದ್ದು. ಪ್ರತಿ ಗಡಿಗೆಯಿಂದ ಒಂಚೂರು ತೆಗೆದಿಟ್ಟು ಸಾಕ್ಕೊಂಡು ಬಂದೀನಿ. ಅಜ್ಜ ಈಗ ಇಲ್ಲ. ಮರಾನೂ ಕಡಿದಾಕಿದ್ರು."

"ಸಾಕೋಕೆ ಅದೇನು ಕರುನಾ?"

"ಕರು ಆದ್ರೆ ಹಸಿವಾದ್ರೆ ಕೂಗ್ತೈತೆ. ಇದು ಪಾಪ, ಕೂಗಲ್ಲ!"

ಅವಳಿಗೆ ನಗು ಬಂತು. ಎಷ್ಟೋ ಕಾಲದ ಮೇಲೆ, ಮನಸಾರೆ. ಆ ರಾತ್ರಿ ಕನ್ನಡಿಯಲ್ಲಿ ತನ್ನ ಮುಖ ಕಂಡು, 'ಸುಂಕೀ, ಹುಷಾರು!' ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಬಂತು ಆ ಭಾನುವಾರ.

ನಿವೃತ್ತ ಸುಬೇದಾರ್ ವಿರೂಪಾಕ್ಷಪ್ಪ ಮಿಲಿಟರಿ ಕ್ಯಾಂಟೀನಿನಿಂದ ಬಗೆಬಗೆಯ ಬೀರು ತಂದಿದ್ದರು. ಹಿತ್ತಲಿನಲ್ಲಿ ಚಾಪೆ ಹಾಸಿ, ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟು ರುಚಿ ನೋಡುವ ಕಾರ್ಯಕ್ರಮ! ಒಂದೊಂದು ಗುಟುಕಿನ ನಂತರ ನಾಲಗೆ ಒರೆಸಲು ಒಂದು ಹಿಡಿ ಮಂಡಕ್ಕಿ.

"ಇದು ನೋಡಪ್ಪ, ಮುಂದೆ ಕಹಿ, ಹಿಂದೆ ಹುರಿದ ಕಾಳು," ಎಂದರು ಸುಬೇದಾರರು ಕಣ್ಣು ಮುಚ್ಚಿ. "ಇದು ಬರೀ ನೊರೆ, ಭಾಷಣ ಇದ್ದಂಗೆ. ಎಲ್ಲಿ, ನಿಂದು ಕೊಡು."

ಮೂಕಪ್ಪನ ರಾಗಿ ಬೀರನ್ನು ಬಾಯಲ್ಲಿ ಹೊರಳಿಸಿದರು. ಮತ್ತೊಂದು ಗುಟುಕು ಕುಡಿದರು. ಮೀಸೆಯ ನೊರೆ ಒರೆಸಿಕೊಂಡು ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದರು.

"ಭೇಷ್ ಕಣಲೇ! ಪಾತ್ರೆ ತಳಕ್ಕೆ ಹತ್ತಿದ ಮುದ್ದೆ ಸೀಕಿನ ಘಮ ಐತಲ್ಲೋ ಇದರಾಗೆ! ಪೂನಾದಾಗೂ ಇಂಥದ್ದು ಕುಡಿದಿಲ್ಲ."

ಮೂಕಪ್ಪ ಲೋಟ ಮೇಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕ.

ಕಿಟಕಿಯಲ್ಲಿ ನಿಂತಿದ್ದ ಸುಂಕಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪ! ಹಾಗೆಯೇ ತಲೆ ಚೆಲ್ಲಿ ನಗುತ್ತಿದ್ದ ಅಪ್ಪ... ಶುರುವಿನಲ್ಲಿ ಅವನೂ ಹೀಗೆ ಒಂದು ಲೋಟಕ್ಕೇ ಖುಷಿಪಡುತ್ತಿದ್ದನಂತೆ.

ಮರುದಿನ ಬಾಟಲಿ ತರಲು ಮೂಕಪ್ಪ ಹೊನ್ನಾಳಿಗೆ ಹೊರಟ. "ಹಿತ್ತಲ ಕಡೆ ಒಸಿ ಕಣ್ಣಿಡ್ರಿ ಮೇಡಮ್, ಬೆಕ್ಕು ಬರ್ತೈತೆ," ಎಂದು ನಂಬಿ ಹೇಳಿ ಹೋದ.

ಅವಳು ಸೂಜಿ ಕುದಿಸಲು ಸ್ಟೋವ್ ಹಚ್ಚಿದಳು. ನೀರು ಕುದಿಯಿತು. ಅವಳು ಸೂಜಿಯನ್ನು ಹಾಕಲಿಲ್ಲ. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಲಿಗೆ ನಡೆದಳು. ಭರಣಿಯ ಮುಚ್ಚಳ ತೆಗೆದಳು.

'ಅವನ ಒಳ್ಳೆಯದಕ್ಕೇ. ಕಾಯಿಲೆಯ ಬೇರನ್ನು ಮೊದಲೇ ಕಿತ್ತುಬಿಡಬೇಕು...'

ಸುರಿದಳು.

ಗಷ್ಟು ಒಮ್ಮೆ ಕದಡಿ ಮತ್ತೆ ತಳಕ್ಕೆ ಕೂತಿತು. ನೋಡಿದರೆ ಏನೂ ಆಗಿಲ್ಲವೆಂಬಂತೆ! ಆದರೆ ಕುದಿಯುವ ನೀರು ಏನು ಮಾಡುತ್ತದೆಂದು ನರ್ಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಂಜೆ ಬಂದವನು ಹೊನ್ನಾಳಿಯಿಂದ ಅವಳಿಗಾಗಿ ಮಲ್ಲಿಗೆ ಮಾಲೆ ತಂದಿದ್ದ. "ಬೆಕ್ಕು ಬಂತೇನ್ರೀ?" ಎಂದು ಕೇಳಿದ.

"ಇಲ್ಲ," ಎಂದಳು. ಆ ಹೂವನ್ನು ಮುಡಿಯಲು ಅವಳ ಕೈ ಮೇಲೇಳಲಿಲ್ಲ.

ಮುಂದಿನ ಗಡಿಗೆ ಉಕ್ಕಲಿಲ್ಲ. ಮೇಲೆ ಬಿಳಿ ಪೊರೆ ಕಟ್ಟಿ ಹುಳಿತು ನಾರಿತು. ಮತ್ತೆ ಮಾಡಿದ. ಅದೂ ಹಾಗೇ. ಸುಬೇದಾರರು ಒಂದು ಗುಟುಕಿಗೇ ಉಗುಳಿ, "ಲೇ, ಇದನ್ನ ನಮ್ಮ ರೆಜಿಮೆಂಟಿನ ಹೇಸರಗತ್ತೇನೂ ಮೂಸಲ್ಲ!" ಎಂದರು.

ಮೂಕಪ್ಪ ನಗಲು ನೋಡಿದ. ಆಗಲಿಲ್ಲ. ಅಂಗಡಿಯಲ್ಲಿ ಮಾತು ಕಡಿಮೆಯಾಯಿತು. ಗಿರಾಕಿಗಳು ಸೋಡಾ ಕುಡಿದು ಅವನ ಮುಖ ನೋಡಿ ಹೋಗುತ್ತಿದ್ದರು. ಕಿಟಕಿಯ ಮೇಲೆ ನಿಂಬೆ ಸೋಡಾ ಮಾತ್ರ ತಪ್ಪಲಿಲ್ಲ. ಸುಂಕಲಮ್ಮ ಅದನ್ನು ಅರ್ಧ ಕುಡಿದು ಹಾಗೇ ಇಟ್ಟುಬಿಡುತ್ತಿದ್ದಳು.

'ಅವನು ಬಿಟ್ಟುಬಿಡುತ್ತಾನೆ. ನಾನು ಬಯಸಿದ್ದು ಇದೇ ಅಲ್ಲವೇ? ಮತ್ತೆ ಯಾಕೆ ಹೀಗೆ ಒಳಗೊಳಗೇ ಸುಡುತ್ತಿದೆ?'

ಒಂದು ಬೆಳಿಗ್ಗೆ ಅವನೇ ಬಂದು ಬಾಗಿಲ ಹೊರಗೆ ನಿಂತ.

"ಮೇಡಮ್, ಅಂಗಡಿ ಬೇರೆಯವರಿಗೆ ಬಿಟ್ಟು ಜಗಳೂರು ಕಡೆ ಅಕ್ಕನ ಮನೆಗೆ ಹೊಂಟೀನಿ. ಅಲ್ಲಿ ಕುರಿ ಅದಾವೆ, ನೋಡ್ಕೋತೀನಿ."

"ಯಾಕ್ರೀ? ಒಂದು ಬೀರು ಕೆಟ್ಟಿದ್ದಕ್ಕಾ?"

"ಬೀರು ಕೆಟ್ಟಿಲ್ಲ, ನನ್ನ ಕೈಗುಣ ಕೆಟ್ಟೈತೆ." ಅಂಗೈಯ ಗಾಯದ ಗುರುತನ್ನು ನೋಡುತ್ತಾ ಹೇಳಿದ. "ನಮ್ಮವ್ವ ಹೇಳೋಳು, ಮೂಕ ಹೆಪ್ಪು ಹಾಕಿದ್ರೆ ಹಾಲು ಹೆಪ್ಪಾಗಲ್ಲ, ಒಡೀತೈತೆ ಅಂತ. ಸುಳ್ಳು ಮಾಡ್ಬೇಕು ಅಂತಾನೇ ಇದನ್ನ ಹಿಡಿದಿದ್ದೆ. ಈ ಗಡಿಗೆ ಚೆನ್ನಾಗಿ ಬಂದ್ರೆ ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಮನಸ್ನಾಗೆ ಇತ್ತು..."

ಸುಂಕಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಏನು ಮಾತು?"

"ಈಗ ಬ್ಯಾಡ ಬಿಡ್ರಿ. ನಾನು ಮುಟ್ಟಿದ್ದು ಉಳಿಯಲ್ಲ. ನಿಮ್ಮನ್ಯಾಕೆ ಕೆಡಿಸ್ಲಿ?"

ಅಯ್ಯೋ ದೇವರೇ! ಅವಳು ಸುರಿದ ನೀರು ಯಾವುದನ್ನೆಲ್ಲ ಬೇಯಿಸಿತ್ತು!

ಸುಮ್ಮನಿದ್ದರೆ ಅವನು ಅವಳ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡೇ ಹೋಗುತ್ತಾನೆ. ಆದರೆ ಬದುಕಿಡೀ ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾನೆ. ಹೇಳಿದರೆ... ಅವನ ಕೈ ಉಳಿಯುತ್ತದೆ, ಅವಳನ್ನು ಅವನು ಎಂದೂ ಕ್ಷಮಿಸುವುದಿಲ್ಲ.

"ನಿಮ್ಮ ಕೈಗುಣ ಅಲ್ಲ!" ಎಂದುಬಿಟ್ಟಳು. "ನಾನು... ನಾನೇ ಕೊಂದೆ. ನೀವು ಹೊನ್ನಾಳಿಗೆ ಹೋಗಿದ್ದಾಗ ಭರಣಿಗೆ ಕುದಿಯೋ ನೀರು ಹಾಕಿದೆ."

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. "ಗೊತ್ತಿಲ್ದೆ ಹಾಕಿದ್ರಾ? ತೊಳೆಯಾಕೆ ಅಂತ?"

ಹೌದು ಅಂದುಬಿಡಬಹುದಿತ್ತು. ಅವನೇ ದಾರಿ ತೋರಿಸಿದ್ದ!

"ಇಲ್ಲ," ಎಂದಳು, ಅವನ ಕಣ್ಣಿಗೆ ಕಣ್ಣು ಕೊಟ್ಟು. "ಗೊತ್ತಿದ್ದೇ ಹಾಕಿದೆ. ನಮ್ಮಪ್ಪ ಕುಡಿದು ಸತ್ತ. ನೀವು ಲೋಟ ಹಿಡಿದು ನಕ್ಕಾಗ ಅಪ್ಪನೇ ಕಂಡ. ಹೆದರಿಕೆ ಆತು. ಬಾಯಿಬಿಟ್ಟು ಕೇಳೋ ಧೈರ್ಯ ಇರಲಿಲ್ಲ, ಕದ್ದು ಕೊಲ್ಲೋ ಧೈರ್ಯ ಇತ್ತು. ಆಮೇಲೆ ನೀವು ಒದ್ದಾಡೋದನ್ನ ನೋಡ್ಕೊಂಡು ಸುಮ್ಮನಿದ್ದೆ. ಅದು ಇನ್ನೂ ದೊಡ್ಡ ತಪ್ಪು."

ಮೂಕಪ್ಪ ತಿರುಗಿ ನಡೆದ. ಹೋಗಿ ಅಂಗಡಿಯ ಬಾಗಿಲು ಹಾಕಿಕೊಂಡ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ದಿನ ಊರಲ್ಲಿ ಯಾರಿಗೂ ಸೋಡಾ ಸಿಗಲಿಲ್ಲ.

ಅಜ್ಜಮ್ಮ ಜಗಲಿಯ ಮೇಲೆ ಪಡ್ಡಿನ ಹಿಟ್ಟು ರುಬ್ಬುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಣ್ಣೀರು ಒರೆಸಿಕೊಳ್ಳುತ್ತಿದ್ದ ಸುಂಕಲಮ್ಮನ ಹತ್ತಿರ ಬಂದು ಕೂತಳು.

"ಅಳಬ್ಯಾಡ. ತಪ್ಪು ಮಾಡೀಯ, ಹೌದು. ಬಾಯಿಬಿಟ್ಟು ಹೇಳಿದ್ಯಲ್ಲ, ಅಷ್ಟು ಯಾರು ಮಾಡ್ತಾರೆ? ಅದಿರಲಿ, ಆ ಹೆಪ್ಪೇನು ಪೂರ್ತಿ ಸತ್ತಿಲ್ಲ ಬಿಡು."

"ಏನಂದ್ರಿ ಅಜ್ಜಿ?"

"ಹೋದ ಚಳಿಗಾಲದಾಗೆ ನನ್ನ ಹಿಟ್ಟು ಉಬ್ಬದೆ ವ್ಯಾಪಾರ ಕೆಟ್ಟಿತ್ತು. ಮೂಕ ಒಂದು ಚಮಚ ಅವನ ಹೆಪ್ಪು ಹಾಕಿಕೊಟ್ಟ. ಅವತ್ತಿಂದ ದಿನಾ ಹಳೇ ಹಿಟ್ಟಿಗೆ ಹೊಸದು ಕಲಸ್ತೀನಿ, ಪಾತ್ರೆ ಬರಿದು ಮಾಡಿಲ್ಲ. ಅವನಿಗೆ ಅದು ಮರ್ತೇ ಹೋಗೈತೆ. ಕೊಟ್ಟಿದ್ದನ್ನ ನೆನಪಿಡೋ ಹುಡುಗ ಅಲ್ಲ ಅದು."

ಸುಂಕಲಮ್ಮ ಎದ್ದು ನಿಂತಳು. ಉಬ್ಬಿದ ಹಿಟ್ಟನ್ನು ಒಂದು ಬಟ್ಟಲಿಗೆ ಹಾಕಿಸಿಕೊಂಡು ಹೋಗಿ ಅಂಗಡಿಯ ಹಿಂಬಾಗಿಲು ತಟ್ಟಿದಳು. ಬಾಗಿಲು ತೆರೆಯಲಿಲ್ಲ.

"ತೆಗೀಬೇಡ್ರಿ, ಪರವಾಗಿಲ್ಲ. ಕೇಳಿಸ್ಕೊಳ್ರಿ ಸಾಕು. ನೀವು ಅಜ್ಜಿಗೆ ಕೊಟ್ಟ ಹೆಪ್ಪು ಇನ್ನೂ ಬದುಕೈತೆ. ಬಟ್ಟಲು ಇಲ್ಲಿಟ್ಟಿದೀನಿ. ಅದಕ್ಕೆ ಹಸಿವಾಗಿರುತ್ತೆ, ಬೇಗ ಏನಾದ್ರೂ ಹಾಕ್ರಿ. ಬಿಸಿ ಮಾತ್ರ ಬೇಡ... ನನ್ನನ್ನ ಕ್ಷಮಿಸ್ಬೇಕು ಅಂತಲ್ಲ. ನಿಮ್ಮ ಕೈ ಮೇಲೆ ನಿಮಗೆ ನಂಬಿಕೆ ಬರ್ಲಿ ಅಂತ."

ತಿರುಗಿ ನಡೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಅವನ ಕಣ್ಣುಗಳು ಕೆಂಪಾಗಿದ್ದವು.

"ಸಿಟ್ಟು ಬಂದೈತೆ," ಎಂದ.

"ಬರ್ಲಿ."

"ಭಾಳ ಬಂದೈತೆ. ಒಂದು ಮಾತು ಹೇಳಿದ್ರೆ ನಾನೇ ಚೆಲ್ಲಿಬಿಡ್ತಿದ್ನಲ್ರೀ! ನಿಮಗಿಂತ ಹೆಚ್ಚೇನ್ರೀ ಅದು?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವನು ಬಾಗಿ ಬಟ್ಟಲನ್ನು ಎತ್ತಿಕೊಂಡ, ಹಸುಗೂಸನ್ನು ಎತ್ತಿಕೊಂಡಂತೆ.

"ಈಗ ಹೇಳ್ರಿ. ಚೆಲ್ಲಲಾ?"

"ಬೇಡ." ಅವಳು ಕಣ್ಣೊರೆಸಿಕೊಂಡಳು. "ಮಾಡ್ರಿ. ಭಾನುವಾರ ಒಂದು ಲೋಟ. ನನ್ನ ಮುಂದೆ ಕೂತು. ಎರಡನೇದಕ್ಕೆ ಕೈ ಹೋದ್ರೆ ನಾನು ಬಾಯಿಬಿಟ್ಟು ಕೇಳ್ತೀನಿ, ಜಗಳಾನೂ ಆಡ್ತೀನಿ. ನೀರು ಮಾತ್ರ ಕಾಯಿಸಲ್ಲ."

"ಭಾನುವಾರ ನಿಮ್ಮ ಮುಂದೆ ಅಂದ್ರೆ... ಎಲ್ಲಾ ಭಾನುವಾರಾನೂ?"

ಅವಳು ತಲೆ ತಗ್ಗಿಸಿದಳು. ಬೇಲಿಯಾಚೆ ರುಬ್ಬುವ ಸದ್ದು ಏಕೋ ನಿಂತುಹೋಗಿತ್ತು.

"ಹಂಗಾದ್ರೆ ಬಿಳಿಚೋಡಿಗೆ ಬಂದು ನಿಮ್ಮವ್ವನ್ನ ಕೇಳ್ತೀನಿ," ಎಂದ ಮೂಕಪ್ಪ ಮೆಲ್ಲಗೆ. "ಹುಡುಗ ಏನು ಮಾಡ್ತಾನೆ ಅಂದ್ರೆ ಏನು ಹೇಳ್ಲಿ?"

"ಸೋಡಾ ಅಂಗಡಿ ಐತೆ ಅನ್ರಿ."

"ಮಿಕ್ಕಿದ್ದು?"

"ಮಿಕ್ಕಿದ್ದನ್ನ ನಾನೇ ಹೇಳ್ತೀನಿ. ಬೀರಿನ ವಿಷಯಾನೂ, ನಾನು ಮಾಡಿದ್ದನ್ನೂ." ಅವಳು ಮೊದಲ ಬಾರಿಗೆ ಅವನ ಕೈಯನ್ನು ಪಟ್ಟಿ ಕಟ್ಟುವ ನೆಪವಿಲ್ಲದೆ ಹಿಡಿದಳು. "ಮುಚ್ಚಿಟ್ಟುಕೊಂಡು ಬದುಕೋದು ಇನ್ನು ನನ್ನ ಕೈಲಾಗಲ್ಲ ರೀ."