ತಣ್ಣಗಾದ ಎರಡನೇ ಲೋಟ

"ಇದನ್ನ ಬರೆದವನಿಗೆ ಖಂಡಿತ ತಲೆ ಸರಿ ಇರಲಿಲ್ಲ ಕಣ್ರೀ!"

ಕೌಂಟರಿನ ಮೇಲೆ ಕ್ಯಾಸೆಟ್ಟು ಇಡುತ್ತಾ ಅವನು ನಕ್ಕ.

ಅವಳು ನಗಲಿಲ್ಲ. ಕ್ಯಾಸೆಟ್ಟಿನ ಬೆನ್ನು ತಿರುಗಿಸಿ ಓದಿದಳು. 'ಏಳನೇ ಕಕ್ಷೆ. ಕಥೆ: ಉಪ್ಪಿನ ಗ್ರಹ. ನಾಲ್ಕೂ ಭಾಗ.'

ಅದೇ ಹೆಸರನ್ನು ಇನ್ನೊಮ್ಮೆ ಓದಿದಳು.

ಹಳೆಯ ವಿಡಿಯೋ ಕ್ಯಾಸೆಟ್ಟುಗಳ ಬೂಷ್ಟು ಒರೆಸಿ, ಅವುಗಳಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿ ಅದು. ಹನ್ನೆರಡು ವರ್ಷದಿಂದ ಅಲ್ಲಿ ಅವಳದೇ ಕೈ. ಯಾರದೋ ಮದುವೆ, ಯಾರದೋ ಮಗುವಿನ ಮೊದಲ ಹೆಜ್ಜೆ ಎಲ್ಲವೂ ಅವಳ ಹತ್ತಿ ಉಂಡೆಯ ಕೆಳಗೆ ಹಾದುಹೋಗಿವೆ. ಆದರೆ ಈ ಕಥೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ.

"ತಲೆ ಸರಿಯಾಗೇ ಇದೆ," ಎಂದಳು ಮೆಲ್ಲಗೆ. "ಬೆಳಿಗ್ಗೆ ನನ್ನ ಛತ್ರಿ ಎಲ್ಲಿದೆ ಅಂತ ಅವರೇ ಹುಡುಕಿ ಕೊಟ್ರು."

"ಯಾರು?"

"ಇದನ್ನ ಬರೆದವರು. ನಮ್ಮಪ್ಪ."

ಅವನ ಮುಖದ ನಗು ಹಾಗೇ ಉಳಿಯಿತು... ಒಳಗಿನ ಜೀವ ಮಾತ್ರ ಹೋಯಿತು.

"ನಾನು... ಅಯ್ಯೋ, ಕ್ಷಮಿಸಿ. ನಾವು ಅಭಿಮಾನಿಗಳು ತಮಾಷೆಗೆ..."

"ಗೊತ್ತು. ಸತ್ತವಳ ಚಹಾ. ಅದೇ ತಾನೆ?"

ಅವನು ತಲೆ ತಗ್ಗಿಸಿದ.

'ಏಳನೇ ಕಕ್ಷೆ' ಒಂದು ಕಾಲದಲ್ಲಿ ಮನೆಮನೆಯ ಟಿವಿಯನ್ನು ಆಳಿದ ಧಾರಾವಾಹಿ. ಅಂತರಿಕ್ಷದ ಕಥೆಗಳು. ಒಟ್ಟು ಅರವತ್ತೆರಡು ಕಥೆಗಳಲ್ಲಿ ಅವಳ ಅಪ್ಪ ಬರೆದದ್ದು ಒಂದೇ. ಅಭಿಮಾನಿಗಳ ಪಟ್ಟಿಯಲ್ಲಿ ಅದಕ್ಕೆ ಅರವತ್ತೆರಡನೇ ಸ್ಥಾನ. ಯಾಕಂದರೆ ಅದರಲ್ಲಿ ಎರಡನೇ ಭಾಗದಲ್ಲಿ ಸತ್ತ ಹೆಂಗಸು ಮೂರನೇ ಭಾಗದಲ್ಲಿ ಆರಾಮಾಗಿ ಎದ್ದು ಚಹಾ ಕಾಯಿಸುತ್ತಾಳೆ! ಅಭಿಮಾನಿಗಳ ಪತ್ರಿಕೆಯಲ್ಲಿ 'ಧೂಮಕೇತು' ಅನ್ನೋ ಹೆಸರಿನವನು ಇದನ್ನು ಎತ್ತಿ ಆಡಿಸಿದ ಮೇಲೆ, ಆ ಬಳಗದಲ್ಲಿ ಯಾವ ಎಡವಟ್ಟಿಗೂ 'ಸತ್ತವಳ ಚಹಾ' ಅನ್ನೋದೇ ಗಾದೆಯಾಯಿತು. ಹಳೆಯ ಕಥೆಗಳನ್ನು ವಾಹಿನಿ ಮತ್ತೆ ತಂದಾಗ, ಯಾರಿಗೂ ಬೇಡದ್ದು ಅಂತ ಇದೊಂದನ್ನೇ ಕೈಬಿಟ್ಟಿತು.

ಅಪ್ಪ ಆಮೇಲೆ ಒಂದು ಸಾಲೂ ಬರೆಯಲಿಲ್ಲ. ಮುದ್ರಣಾಲಯದಲ್ಲಿ ಬೇರೆಯವರ ಸಾಲುಗಳ ಕರಡು ತಿದ್ದುತ್ತಾ ನಿವೃತ್ತರಾದರು.

"ಈ ವರ್ಷ ನಮ್ಮ ಬಳಗ ಒಂದು ಕೆಲಸ ಹಿಡಿದಿದೆ," ಎಂದ ಅವನು ತಡವರಿಸುತ್ತಾ. "ಪಟ್ಟಿಯ ತಳದಲ್ಲಿರೋ ಕಥೆಗಳನ್ನ ಮತ್ತೆ ನೋಡೋದು. ನಮ್ಮ ಅಂದಾಜು ತಪ್ಪಿರಬಹುದಲ್ಲ..."

"ಇಪ್ಪತ್ತೆರಡು ವರ್ಷ ನಕ್ಕು ಸುಸ್ತಾಯ್ತಾ?"

ಅವಳು ರಸೀದಿ ಹರಿದು ಕೊಟ್ಟಳು. "ಗುರುವಾರ ಬನ್ನಿ."

ಅವನು ಬುಧವಾರವೇ ಬಂದ!

ಆಮೇಲೆ ಶುಕ್ರವಾರ, ಇನ್ನೊಂದು ಕಥೆಯ ಕ್ಯಾಸೆಟ್ಟಿನ ಜೊತೆ. ಮುಂದಿನ ವಾರ ಬರೀ ಖಾಲಿ ಡಬ್ಬಿ ಹಿಡಿದು, "ಇದನ್ನ ಒರೆಸಬಹುದಾ?" ಅಂತ.

"ಡಬ್ಬಿ ಒರೆಸೋಕೆ ಮನೇಲಿ ಬಟ್ಟೆ ಇಲ್ವಾ?" ಒಳಗಿನಿಂದ ಅಂಗಡಿಯ ಯಜಮಾನಿ ಕೂಗಿದರು. "ಪಾಪ, ಒರೆಸಿ ಕಳಿಸಮ್ಮ. ಅವರ ಮುಖಾನೂ ಒರೆಸು, ಬೆವರ್ತಾ ಇದ್ದಾರೆ!"

ಅವಳಿಗೆ ನಗು ಬಂದೇಬಿಟ್ಟಿತು. ಎಷ್ಟು ದಿನವಾಗಿತ್ತೋ ಹೀಗೆ ನಕ್ಕು...

ಅವನು ನಕಾಶೆ ಬರೆಯುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ನಲವತ್ತೊಂದು ವಯಸ್ಸು, ಒಂಟಿ. ಮಾತಾಡುವಾಗ ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುವ ಅಭ್ಯಾಸ. ಅವಳು ಹೇಳಿದ್ದನ್ನೆಲ್ಲಾ ನೆನಪಿಟ್ಟುಕೊಳ್ಳುತ್ತಿದ್ದ. ಮೂವತ್ತಾರರಲ್ಲಿ ಇಂಥದ್ದಕ್ಕೆಲ್ಲ ಮನಸ್ಸು ಕೊಡಬಾರದು ಅಂತ ಅವಳು ತನಗೆ ತಾನೇ ಗದರಿಕೊಂಡಳು. ಮನಸ್ಸು ಕೇಳಬೇಕಲ್ಲ!

ಒಂದು ದಿನ ಅವಳೇ ಬಾಯಿ ಬಿಟ್ಟಳು.

"ಆ ಕಥೆಯಲ್ಲಿ ಹೆಂಗಸು ದಿನಾ ಎರಡು ಲೋಟ ಚಹಾ ಇಡ್ತಾಳಲ್ಲ... ಅದು ನಮ್ಮಮ್ಮ. ಅಪ್ಪ ಮುದ್ರಣಾಲಯದಿಂದ ಎಷ್ಟೊತ್ತಿಗೆ ಬಂದ್ರೂ ಎದುರಿಗೆ ಎರಡನೇ ಲೋಟ ಇರ್ತಿತ್ತು. ತಣ್ಣಗಾಗಿರ್ತಿತ್ತು. ಅಪ್ಪ ಅದನ್ನೇ ಖುಷಿಯಾಗಿ ಕುಡೀತಿದ್ರು."

"ಆಮೇಲೆ?"

"ಪತ್ರಿಕೆ ಬಂತು. ಸತ್ತವಳ ಚಹಾ ಅಂತ ಅಚ್ಚಾಗಿತ್ತು. ಅಮ್ಮ ಅದನ್ನ ಓದಿ ಸುಮ್ಮನೆ ಮಡಚಿಟ್ರು. ಮಾರನೇ ದಿನದಿಂದ ಎರಡನೇ ಲೋಟ ಇಡಲಿಲ್ಲ. ನನ್ನ ಚಹಾ ನೋಡಿ ಊರೇ ನಗ್ತಾ ಇದೆ, ಇನ್ನು ಯಾಕೆ ಅಂದ್ರು. ಸಾಯೋವರೆಗೂ ಇಡಲಿಲ್ಲ... ಆರು ವರ್ಷ ಆಯ್ತು ಹೋಗಿ."

ಅವನ ಬೆರಳು ಮೇಜಿನ ಮೇಲೆ ನಿಂತುಹೋಯಿತು.

"ಧೂಮಕೇತು ಅನ್ನೋವನು ನಿಮ್ಮ ಬಳಗದವನೇ ಅಲ್ವಾ? ಗೊತ್ತಾ ನಿಮಗೆ?"

"...ಗೊತ್ತು. ಈಗ ಆ ಹೆಸರಲ್ಲಿ ಬರೆಯಲ್ಲ."

"ಎಂಥಾ ಮನುಷ್ಯ?"

"ಹೆದರುಪುಕ್ಕಲ," ಎಂದ ಅವನು. ಅಷ್ಟೇ. ಎದ್ದು ಹೋದ.

ಅವನು ಕೊಟ್ಟ 'ಉಪ್ಪಿನ ಗ್ರಹ'ದ ಕ್ಯಾಸೆಟ್ಟಿನಲ್ಲಿ ಚಿತ್ರ ಹರಿದುಹೋಗುತ್ತಿತ್ತು, ಇನ್ನೂ ಕಂಪ್ಯೂಟರಿಗೆ ಇಳಿದಿರಲಿಲ್ಲ. ಅಪ್ಪನ ಕಪಾಟಿನಲ್ಲಿ ನಾಲ್ಕು ಸಣ್ಣ ಕ್ಯಾಸೆಟ್ಟುಗಳಿದ್ದವು. ಅವಳು ತೀರಾ ಚಿಕ್ಕವಳಿದ್ದಾಗ, ಕಥೆ ಪ್ರಸಾರವಾದ ನಾಲ್ಕು ವಾರಗಳಲ್ಲಿ ಅಪ್ಪ ಮನೆಯಲ್ಲೇ ಹಿಡಿದಿಟ್ಟದ್ದು. ಅಪ್ಪನ ಅಚ್ಚುಕಟ್ಟು ಅಕ್ಷರದಲ್ಲಿ ಪ್ರತಿಯೊಂದರ ಮೇಲೂ ಸಂಖ್ಯೆ, ತಾರೀಖು. ಮುಟ್ಟಬೇಡ ಅಂತ ಯಾರೂ ಹೇಳಿರಲಿಲ್ಲ, ಆದರೂ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಅಪ್ಪನಿಗೆ ಹೇಳದೆ ಅಂಗಡಿಗೆ ತಂದಳು. ಒಂದು, ಎರಡು...

ಎರಡನೇ ಭಾಗದಲ್ಲಿ ಆ ಹೆಂಗಸು ಸಾಯಲಿಲ್ಲ!

ಉಪ್ಪಿನ ಗ್ರಹದ ಒಂಟಿ ಕೋಣೆಯಲ್ಲಿ ಕೂತು, ದೂರದ ನೌಕೆಗೆ ದಾರಿ ತೋರಿಸುವ ದೀಪ ಕಾಯುತ್ತಾ, ಗಂಡ ಬರುವನೆಂದು ದಿನಾ ಎರಡು ಲೋಟ ಚಹಾ ಇಡುತ್ತಿದ್ದಳು. ಸತ್ತದ್ದು ಮೂರನೆಯದರಲ್ಲಿ. ನಾಲ್ಕನೆಯದರಲ್ಲಿ ಗಂಡ ಬರುತ್ತಾನೆ. ಯಾರೂ ಇಲ್ಲ. ಮೇಜಿನ ಮೇಲೆ ಅವಳು ಕೊನೆಯದಾಗಿ ಇಟ್ಟಿದ್ದ ಎರಡನೇ ಲೋಟ. ಅವನು ಕೂತು ಅದನ್ನು ಕುಡಿಯುತ್ತಾನೆ... ಒಂದೂ ಮಾತಿಲ್ಲ.

ಅವಳ ಕೆನ್ನೆ ತೊಯ್ದಿತ್ತು. ಅವನಿಗೆ ಫೋನ್ ಮಾಡಿದಳು.

"ಬೇಗ ಬನ್ನಿ! ನೀವೆಲ್ಲ ನೋಡಿದ್ದೇ ತಪ್ಪು! ಎರಡು, ಮೂರು ಅದಲು ಬದಲಾಗಿದೆ! ಆ ಧಾರಾವಾಹಿಯಲ್ಲಿ ಪರದೆ ಮೇಲೆ ಭಾಗದ ಸಂಖ್ಯೆ ಬರ್ತಿರಲಿಲ್ಲವಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ!"

ಅವನು ಬಂದ, ನೋಡಿದ. ಲೋಟ ಬರಿದಾಗುವ ದೃಶ್ಯ ಮುಗಿದ ಮೇಲೂ ಕಲ್ಲಿನ ಹಾಗೆ ಕೂತಿದ್ದ.

"ಖುಷಿ ಆಗಲಿಲ್ವಾ?"

"ಲೇಬಲ್ ಉದುರಿತ್ತು..." ಎಂದ.

"ಏನು?"

"ನನಗಾಗ ಹತ್ತೊಂಬತ್ತು. ಒಬ್ಬ ವೀಕ್ಷಕರು ನಾಲ್ಕು ಕ್ಯಾಸೆಟ್ಟು ಕಳಿಸಿದ್ರು. ಗೋಂದು ಒಣಗಿ ಎರಡು ಕ್ಯಾಸೆಟ್ಟುಗಳ ಲೇಬಲ್ ಉದುರಿ ಡಬ್ಬಿ ತಳದಲ್ಲಿ ಬಿದ್ದಿತ್ತು. ಅಂದಾಜಿನ ಮೇಲೆ ಅಂಟಿಸಿ, ಒಂದೇ ಕ್ಯಾಸೆಟ್ಟಿಗೆ ಸೇರಿಸಿದೆ. ಬಳಗದವರ ಹತ್ತಿರ ಇರೋದೆಲ್ಲ ಅದರ ನಕಲು, ನಕಲಿನ ನಕಲು." ಅವನ ದನಿ ಕುಸಿಯಿತು. "ಆಮೇಲೆ ಅದನ್ನ ನೋಡಿ ನಾನೇ ನಕ್ಕೆ. ನಾನೇ ಬರೆದೆ. ಧೂಮಕೇತು ನಾನೇ."

ಅವಳು ಯಂತ್ರ ನಿಲ್ಲಿಸಿದಳು.

"ಇನ್ನೂ ಇದೆ," ಎಂದ. "ನಿಮ್ಮಪ್ಪ ಪತ್ರ ಬರೆದಿದ್ರು. ನನ್ನ ಕಥೆಯಲ್ಲಿ ಸತ್ತವರು ಏಳೋದಿಲ್ಲ, ದಯವಿಟ್ಟು ಭಾಗಗಳನ್ನ ಇನ್ನೊಮ್ಮೆ ನೋಡಿ ಅಂತ."

"ನೋಡಿದ್ರಾ?"

"ಇಲ್ಲ."

"ಯಾಕೆ?"

"ನೋಡಿದ್ರೆ ತಪ್ಪು ನನ್ನದು ಅಂತ ಗೊತ್ತಾಗ್ತಿತ್ತು. ಅದಕ್ಕೇ ನೋಡಲಿಲ್ಲ. ಊರೆಲ್ಲ ನನ್ನ ಲೇಖನ ಓದಿ ಚಪ್ಪಾಳೆ ತಟ್ಟಿತ್ತು... ಪತ್ರಾನ ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟೆ. ಮೊದಲ ದಿನ ನೀವು ನಮ್ಮಪ್ಪ ಅಂದಾಗಲೇ ಹೇಳಬೇಕಿತ್ತು. ಹೇಳಿದ್ರೆ ಮತ್ತೆ ಬರೋಕೆ ಬಿಡಲ್ಲ ಅಂತ..."

"ಪಾಪ ತೊಳ್ಕೊಳ್ಳೋಕೆ ನಾನು ಸಿಕ್ಕಿದೆನಾ?" ಅವಳ ದನಿ ಏರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. "ಬೂಷ್ಟು ಒರೆಸೋ ಹೆಂಗಸು, ಇದನ್ನೂ ಒರೆಸ್ತಾಳೆ ಅಂದ್ಕೊಂಡ್ರಾ? ಎದ್ದೇಳಿ."

"ಇಲ್ಲ, ಹಾಗಲ್ಲ! ನಾನು ನಿಜವಾಗ್ಲೂ ನಿಮ್ಮನ್ನ..."

"ಆ ಮಾತು ಆಡಬೇಡಿ. ಎದ್ದೇಳಿ ಅಂದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಎದ್ದು ಹೋದ ಬಾಗಿಲನ್ನೇ ಅವಳು ಬಹಳ ಹೊತ್ತು ನೋಡಿದಳು. ಬೇಕಾದವನೂ ಅವನೇ, ಬೇಡವಾದವನೂ ಅವನೇ... ಇದೆಂಥ ನ್ಯಾಯ?

"ಅಪ್ಪ, ನೀವು ಪತ್ರ ಬರೆದಿದ್ರಾ?"

ಅಂದು ರಾತ್ರಿ ಮನೆಯಲ್ಲಿ ಅಪ್ಪ ದಿನಪತ್ರಿಕೆಯಲ್ಲಿ ಕೆಂಪು ಪೆನ್ಸಿಲಿನಿಂದ ತಪ್ಪು ಹುಡುಕುತ್ತಿದ್ದರು. ನಿವೃತ್ತಿಯಾದರೂ ಬಿಡದ ಚಟ.

"ಬರೆದಿದ್ದೆ ಪಾಪು. ಉತ್ತರ ಬರಲಿಲ್ಲ. ನಾನು ಕಾಯಲಿಲ್ಲ. ನಿಮ್ಮಮ್ಮ ಮೂರು ತಿಂಗಳು ಅಂಚೆಯವನ ದಾರಿ ಕಾದಳು."

ಎಲ್ಲ ಹೇಳಿದಳು. ಮುಚ್ಚಿಡಲಿಲ್ಲ. ಅವನು ಖಾಲಿ ಡಬ್ಬಿ ತಂದದ್ದನ್ನೂ ಹೇಳಿಬಿಟ್ಟಳು. ಅಪ್ಪ ಕನ್ನಡಕ ತೆಗೆದರು.

"ಹೆಸರೇ ಧೂಮಕೇತು. ಒಳ್ಳೇದಾಗುತ್ತಾ?" ಎಂದು ಒಣ ನಗೆ ನಕ್ಕರು. "ಕ್ಯಾಸೆಟ್ಟು ಕೊಡು ಆ ಬಳಗದವರಿಗೆ. ಸರಿಯಾಗಿ ನೋಡ್ಲಿ."

"ನೀವೂ ಬನ್ನಿ ಅಪ್ಪ."

"ನಾನ್ಯಾಕೆ ಬರ್ಲಿ? ಅದು ಚೆನ್ನಾಗಿತ್ತು ಅಂತ ನನಗೆ ಗೊತ್ತಿತ್ತಲ್ಲ."

ಭಾನುವಾರ ಬೆಳಿಗ್ಗೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬಳಗದ ಪ್ರದರ್ಶನ. ನಲವತ್ತು ಮಡಚು ಕುರ್ಚಿ, ಮುಂದಿನ ಸಾಲಿನಲ್ಲಿ ಅಪ್ಪನಿಗೆಂದು ಇಟ್ಟ ಒಂದು ಖಾಲಿ ಕುರ್ಚಿ. ಮೊದಲ ಭಾಗಕ್ಕೆ ಯಾರೋ ಹಿಂದಿನಿಂದ, "ಚಹಾ ಎಷ್ಟೊತ್ತಿಗ್ರೀ?" ಎಂದು ಕೂಗಿದರು. ನಗು ಎದ್ದಿತು.

ಮೂರನೇ ಭಾಗಕ್ಕೆ ನಗು ಇರಲಿಲ್ಲ.

ನಾಲ್ಕನೆಯದು ಮುಗಿದಾಗ ದೀಪ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಬಳಗದ ಕಾರ್ಯದರ್ಶಿ ಕನ್ನಡಕ ಒರೆಸುತ್ತಾ ಅವಳ ಬಳಿ ಬಂದರು. "ಎಂಥಾ ಕಥೆ ತಾಯಿ! ಇಷ್ಟು ದಿನ ಎಲ್ಲಿತ್ತು ಇದು?"

"ಇಲ್ಲೇ ಇತ್ತು," ಎಂದಳು. ಅವರಿಗೆ ಅರ್ಥವಾಯಿತೋ ಇಲ್ಲವೋ!

ಅಷ್ಟರಲ್ಲಿ ಅವನು ಎದ್ದು ಮುಂದೆ ಹೋದ. ಬಳಗದ ಪತ್ರಿಕೆಯ ಸಂಪಾದಕ ಅವನೇ ಅನ್ನುವುದು ಅವಳಿಗೆ ಗೊತ್ತಾದದ್ದು ಆಗಲೇ. ಲೇಬಲ್ಲು, ಲೇಖನ, ಪತ್ರ, ಒಂದನ್ನೂ ಬಿಡದೆ ಹೇಳಿದ. ಕೊನೆಗೆ ಸಂಪಾದಕನ ಕೆಲಸಕ್ಕೆ ರಾಜೀನಾಮೆ ಎಂದ. ಯಾರೂ ಬೇಡ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ಜೊತೆಗೆ ನಕ್ಕವರು ಈಗ ಅವನೊಬ್ಬನೇ ನಕ್ಕಿದ್ದ ಎಂಬಂತೆ ನೋಡಿದರು.

ಅವಳಿಗೆ ಅದು ಚುಚ್ಚಿತು. 'ಇವರೆಲ್ಲ ಎಷ್ಟು ಬೇಗ ತಮ್ಮ ಕೈ ತೊಳ್ಕೊಂಡ್ರು!'

ಚಪ್ಪಾಳೆ ಬಿತ್ತು. ಖಾಲಿ ಕುರ್ಚಿಗೆ.

ಮುಂದಿನ ಭಾನುವಾರ ಅವನು ಮನೆಬಾಗಿಲಿಗೆ ಬಂದ. ಕೈಯಲ್ಲಿ ಹಳದಿಯಾದ ಒಂದು ಲಕೋಟೆ, ಪತ್ರಿಕೆಯ ಹೊಸ ಸಂಚಿಕೆ, ಸಂಪಾದಕನಾಗಿ ಅವನ ಕೊನೆಯದು. ಮೊದಲ ಪುಟದಲ್ಲೇ ಅಪ್ಪನ ಪತ್ರ, ಕೆಳಗೆ ಅವನ ತಪ್ಪೊಪ್ಪಿಗೆ. ಧೂಮಕೇತು ಅಂತಲ್ಲ, ಅವನ ಸ್ವಂತ ಹೆಸರಿನಲ್ಲಿ.

ಅಪ್ಪ ಕೂರು ಅನ್ನಲಿಲ್ಲ. ಸಂಚಿಕೆ ಇಸಿದುಕೊಂಡು ಕೆಂಪು ಪೆನ್ಸಿಲ್ ಹಿಡಿದು ಪೂರ್ತಿ ಓದಿದರು. ಎರಡು ಕಡೆ ತಿದ್ದಿದರು.

"ಎರಡಾದ ಮೇಲೆ ಮೂರು ಅಂತ ಎಣಿಸೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತೇನಪ್ಪಾ?"

"ಕ್ಷಮಿಸಿ ಅಂತ ಕೇಳೋ ಯೋಗ್ಯತೆ..."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ." ಅಪ್ಪ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಅಮ್ಮನ ಫೋಟೋ. "ಕಾದವಳು ಅವಳು. ನಾನು ಕ್ಷಮಿಸಿದ್ರೆ ಏನು ಬಂತು? ಅವಳನ್ನೇ ಕೇಳು."

ಅವನು ಫೋಟೋ ಮುಂದೆ ನಿಂತ. ಏನು ಕೇಳಿದನೋ, ಕೇಳಲಾಗದೆ ನಿಂತನೋ. ಭುಜ ಮಾತ್ರ ಅಲುಗುತ್ತಿತ್ತು. ಅಮ್ಮ ಉತ್ತರ ಕೊಡಲಿಲ್ಲ. ಆಕೆ ಕಾದ ಉತ್ತರವನ್ನೂ ಯಾರೂ ಕೊಟ್ಟಿರಲಿಲ್ಲವಲ್ಲ...

ಅಪ್ಪ ಎದ್ದು ತಮ್ಮ ಕೋಣೆಗೆ ಹೋದರು. ಹೋಗುವಾಗ ಮಗಳತ್ತ ತಿರುಗದೆಯೇ, "ಪಾಪು, ನಿನ್ನ ಬದುಕು ನಿನ್ನದು. ನನ್ನ ಮುಖ ನೋಡಿ ನಿರ್ಧಾರ ಮಾಡಬೇಡ," ಎಂದರು.

ಬಾಗಿಲು ಮುಚ್ಚಿತು.

ಅವಳು ಅಡುಗೆಮನೆಯಲ್ಲಿ ನಿಂತಿದ್ದಳು. ಬೆಳಿಗ್ಗೆಯಿಂದ ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಈಗ ನೋಡಿದರೆ, ಮೇಜಿನ ಮೇಲೆ ಎರಡು ಲೋಟಗಳಿದ್ದವು. ತನ್ನದು ಕುಡಿದು ಖಾಲಿಯಾಗಿತ್ತು. ಇನ್ನೊಂದು ಹಾಗೇ ಕೂತಿತ್ತು, ಮೇಲೆ ತೆಳ್ಳಗೆ ಕೆನೆ ಕಟ್ಟಿ.

ಇವನಿಗಾಗಿ ಇಟ್ಟೆನಾ? ಇವನಿಗಾ?!

ಅವನು ಬಾಗಿಲ ಬಳಿ ಬಂದು ನಿಂತ. ಲೋಟ ನೋಡಿದ. ಅವಳನ್ನು ನೋಡಿದ.

"ನಿಮ್ಮನ್ನ ನೋಡೋಕೆ ಬರ್ತಿದ್ದೆ," ಎಂದ. "ಬುಧವಾರ, ಶುಕ್ರವಾರ, ಖಾಲಿ ಡಬ್ಬಿ ಹಿಡ್ಕೊಂಡು... ಪಾಪ ತೊಳ್ಕೊಳ್ಳೋಕಲ್ಲ. ಪ್ರೀತಿಗೆ. ಇಷ್ಟು ಹೇಳಿ ಹೋಗ್ತೀನಿ."

ಅವಳು ಮೇಜಿನ ಕೆಳಗಿಂದ ಕುರ್ಚಿ ಎಳೆದಳು.

"ನಿಮ್ಮನ್ನ ಕಂಡಾಗಲೆಲ್ಲ ಅಮ್ಮ ನೆನಪಾಗ್ತಾರೆ. ಮುಂದೆಯೂ ಆಗ್ತಾರೆ. ಕೆಲವು ದಿನ ನಿಮ್ಮ ಮುಖ ನೋಡೋಕೂ ಆಗಲ್ಲ ನನಗೆ. ತಡ್ಕೊಳ್ತೀರಾ?"

"ತಡ್ಕೊಳ್ತೀನಿ."

"ಹಾಗಾದ್ರೆ ಕುಡೀರಿ."

ಅವನು ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದ.

"ತಣ್ಣಗಾಗಿದೆ..."

"ತಡವಾಗಿ ಬಂದವರಿಗೆ ಇದೇ ಸಿಗೋದು."

ಅವನು ಒಂದು ಹನಿಯೂ ಬಿಡದೆ ಕುಡಿದ. ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದ, "ನಾಳೆ?"

ಅವಳು ಖಾಲಿ ಲೋಟ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಕಣ್ಣೀರು ಕಾಣಬಾರದೆಂದು ಬೆನ್ನು ತಿರುಗಿಸಿಯೇ ಹೇಳಿದಳು.

"ನಾಳೆ ಬೇಗ ಬಾ."