ಹಿಂದಿನ ಎಡಗಡೆ ಬಿಚ್ಚಬೇಡಿ

"ಏನ್ ಬೇಕಾದ್ರೂ ಬಿಚ್ಚಿ ನೋಡ್ಕಳಪ್ಪಾ. ಇಂದುಗಡೆ ಎಡಗಡೆ ಮಾತ್ರ ಬಿಚ್‌ಬ್ಯಾಡ."

ಗಾಡಿ ಮಾರಲಿದ್ದ ಮನೆಯ ಯಜಮಾನಿ ದೊಡ್ಡಮ್ಮ ಅದರಿಂದ ಹತ್ತು ಮಾರು ದೂರ, ತೆಂಗಿನಕಾಯಿ ರಾಶಿಯ ಆಚೆ ನಿಂತೇ ಈ ಮಾತು ಹೇಳಿದರು. ಕೀ ಕೊಡುವುದಕ್ಕೂ ಹತ್ತಿರ ಬರಲಿಲ್ಲ. ಮನೆಯ ಹಳೇ ಡ್ರೈವರ್ ಪಾಪಯ್ಯನವರ ಕೈಯಲ್ಲಿ ಕೊಟ್ಟು ಕಳಿಸಿದರು.

ಹರ್ಷವರ್ಧನನಿಗೆ ನಗು ತಡೆಯಲಾಗಲಿಲ್ಲ. ಹಳೇ ಗಾಡಿ ಕೊಳ್ಳುವವರ ಪರವಾಗಿ ಹೋಗಿ, ಇಂಜಿನ್ನಿನಿಂದ ಟೈರಿನವರೆಗೆ ತಪಾಸಣೆ ಮಾಡಿ, ಕೊಳ್ಳಬಹುದೋ ಬಾರದೋ ಎಂದು ಹೇಳುವುದು ಅವನ ಕಸುಬು. ಹಾಸನದಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದವನಿಗೆ ಮಾರುವವರ ಬುದ್ಧಿ ಗೊತ್ತಿಲ್ಲವೇ? ಎಲ್ಲಿ ಕೈ ಹಾಕಬೇಡಿ ಅನ್ನುತ್ತಾರೋ ಅಲ್ಲೇ ಇರುತ್ತದೆ ಹುಳುಕು.

"ಯಾಕಮ್ಮಾ, ಅಲ್ಲಿ ಗುದ್ದಿಸಿ ತಟ್ಟಿಸಿದ್ದೀರಾ?"

"ಗುದ್ದಿಲ್ಲ ಕಣಪ್ಪಾ. ಅಲ್ಲಿ ಒಂದು ಕಟ್ಟು ಕಟ್ಸಿದ್ದೀವಿ. ಅದ್ರ ಪಾಡಿಗೆ ಅದು ಇರ್ಲಿ. ಸದ್ದು ಬಂದ್ರೂ ಬರ್ಲಿ." ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಕೇಳಿದರು: "ನಿನ್ನ ಎಂಡ್ತಿ ಬಸುರೀನಾ?"

ಆ ಪ್ರಶ್ನೆಗೆ ಅವನ ಮೈ ಉರಿದುಹೋಯಿತು. ಹೌದು, ತವರಿಗೆ ಹೋಗಿದ್ದ ರೂಪಶ್ರೀಗೆ ಎಂಟು ತಿಂಗಳು. ಮದುವೆಯಾಗಿ ಆರು ವರ್ಷ, ಎರಡು ಸಲ ಕೈಗೆ ಬಂದದ್ದು ಬಾಯಿಗೆ ಬರದೆ ಹೋಗಿ, ಈಗ ಮೂರನೆಯದು ನಿಂತಿತ್ತು. ಈ ಮಗುವೊಂದು ನೆಟ್ಟಗೆ ಕೈಗೆ ಬಂದರೆ ಜೀವನದಲ್ಲಿ ಇನ್ನೇನೂ ಬೇಡ ಅಂದುಕೊಂಡಿದ್ದ. ಆದರೆ ಹೊಳೆನರಸೀಪುರದ ಅತ್ತೆ ಸುಬ್ಬಮ್ಮನವರ ಕಾಟ ಅಷ್ಟಿಷ್ಟಲ್ಲ. ಬಸುರಿಯ ಗಂಡ ಕಟಿಂಗ್ ಮಾಡಿಸಬಾರದು, ತೆಂಗಿನಕಾಯಿ ಒಡೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಪಾಯ ತೋಡುವಲ್ಲಿ ನಿಲ್ಲಬಾರದು. ಕೇಳಿ ಕೇಳಿ ಕಿವಿ ತೂತಾಗಿತ್ತು. ಹಟಕ್ಕೆ ಬಿದ್ದು ಹೋದ ವಾರವಷ್ಟೇ ಕಟಿಂಗ್ ಮಾಡಿಸಿಕೊಂಡು ಬಂದಿದ್ದ. ಈಗ ಈ ಮುದುಕಿಯೂ ಅದೇ ರಾಗ ತೆಗೆದರೆ?

"ಇಲ್ಲ," ಅಂದುಬಿಟ್ಟ.

ದೊಡ್ಡಮ್ಮ ಅವನ ಮುಖವನ್ನೇ ನೋಡಿ, ತಲೆಯಾಡಿಸಿ, ಮನೆಯೊಳಗೆ ಹೋದರು. ಪಾಪಯ್ಯ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿದರು.

ಗಾಡಿ ಮಾತ್ರ ಭರ್ಜರಿಯಾಗಿತ್ತು. ಕಪ್ಪು ಬಣ್ಣದ ಜರ್ಮನ್ ಎಸ್‌ಯುವಿ, ನಾಲ್ಕು ವರ್ಷದ್ದು, ಚನ್ನರಾಯಪಟ್ಟಣದ ಸುತ್ತ ಅಂಥದ್ದು ಇನ್ನೊಂದಿಲ್ಲ. ದೊಡ್ಡಮ್ಮನ ಮಗ, ಕೊಬ್ಬರಿ ವ್ಯಾಪಾರದ ಸಿದ್ದೇಶ್ವರ, ಕೊಂಡು ವರ್ಷ ತುಂಬುವಷ್ಟರಲ್ಲಿ ಓಡಿಸುವುದನ್ನೇ ನಿಲ್ಲಿಸಿದ್ದನಂತೆ. ಹರ್ಷವರ್ಧನ ಸ್ಕ್ಯಾನರ್ ಹಾಕಿ ನೋಡಿದ. ಒಂದೂ ತಪ್ಪು ತೋರಿಸಲಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟ. ಎಲ್ಲ ಕಡೆಯೂ ಕಂಪನಿಯ ಬಣ್ಣವೇ, ಆ ಹಿಂದಿನ ಎಡಗಡೆಯೂ. ಆಯಿಲ್ ಸರಿ, ಕೂಲೆಂಟ್ ಸರಿ, ಹೊಗೆಯಲ್ಲಿ ಕಪ್ಪಿಲ್ಲ, ಬಿಳುಪಿಲ್ಲ.

ಒಳಗೆ ಕೂತು ಏಸಿ ಹಾಕಿದಾಗ ಮಾತ್ರ ಮೂಗು ಸಿಂಡರಿಸಿದ. ಹೊಸ ಚರ್ಮದ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಬಜೆ, ಹರಳೆಣ್ಣೆ, ಸಾಂಬ್ರಾಣಿ ಹೊಗೆ. ಬಾಣಂತಿ ಕೋಣೆಯ ವಾಸನೆ. ಈ ಸೀಟಿನ ಮೇಲೆ ಯಾರು ಕೂಸಿಗೆ ಹೊಗೆ ಹಾಕಿದರಪ್ಪಾ ಎಂದು ಗೊಣಗಿಕೊಂಡು, ಗಾಡಿ ತೆಗೆದುಕೊಂಡು ಹೆದ್ದಾರಿಗೆ ಹೋದ.

ಎರಡು ಕಿಲೋಮೀಟರ್ ಹೋಗುವುದರಲ್ಲಿ ಸದ್ದು ಶುರುವಾಯಿತು.

ಟಕ್ ಟಕ್. ಸ್ವಲ್ಪ ಬಿಟ್ಟು, ಟಕ್.

ಹಿಂದಿನಿಂದ. ಎಡಗಡೆಯಿಂದ. ಹಂಪ್ ಮೇಲೆ ಹತ್ತಿಸಿದ, ಗುಂಡಿಗೆ ಇಳಿಸಿದ, ಸಡನ್ ಬ್ರೇಕ್ ಹಾಕಿದ. ಸದ್ದು ಜಾಸ್ತಿಯೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ವಾಪಸು ಅಂಗಳಕ್ಕೆ ಬಂದು ಜ್ಯಾಕ್ ಹಾಕಿ ಕೆಳಗೆ ನುಗ್ಗಿದ. ಬುಷ್ ಅಲ್ಲಾಡಿಸಿದ, ಲಿಂಕ್ ರಾಡ್ ಎಳೆದ, ಸೈಲೆನ್ಸರಿನ ತಗಡು ತಟ್ಟಿದ. ಎಲ್ಲ ಬಿಗಿಯಾಗಿತ್ತು. ಕೆಲಸದ ಸ್ಟೆತಸ್ಕೋಪ್ ತೆಗೆದು ಕಿವಿಗಿಟ್ಟುಕೊಂಡು ಅದರ ಕಡ್ಡಿಯನ್ನು ಒಂದೊಂದೇ ಜಾಗಕ್ಕೆ ಒತ್ತಿ ಕೇಳಿದ. ಅದೇ ಸ್ಟೆತಸ್ಕೋಪಿಗೆ ಕಡ್ಡಿಯ ಬದಲು ಬಿಲ್ಲೆ ಹಾಕಿ, ಬೆಳಿಗ್ಗೆ ಹೊಳೆನರಸೀಪುರದಲ್ಲಿ ರೂಪಶ್ರೀಯ ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಕೇಳಿ ಬಂದಿದ್ದ. ಓಡುವ ಕುದುರೆಯ ಸದ್ದು. ಅಂಥ ಸದ್ದು ಯಾವ ಇಂಜಿನ್ನಿನಲ್ಲೂ ಇಲ್ಲ ಕಣೆ ಎಂದು ಅವಳನ್ನು ನಗಿಸಿದ್ದ.

ಇಲ್ಲಿ ಕೇಳಿಸಿದ್ದು ಬೇರೆ. ಟಕ್ ಟಕ್. ಬಿಟ್ಟು, ಟಕ್. ಒಣ ಸದ್ದು.

ಆಗ ಅವನಿಗೆ ಹೊಳೆಯಿತು, ಇಂಜಿನ್ ಆಫ್ ಆಗಿ ಅರ್ಧ ಗಂಟೆಯಾಗಿದೆ. ಗಾಡಿ ಜ್ಯಾಕಿನ ಮೇಲೆ ಅಲ್ಲಾಡದೆ ನಿಂತಿದೆ. ಸದ್ದು ಎಲ್ಲಿಂದ ಬರಬೇಕು?

"ಥತ್!" ಎಂದು ಸ್ಪ್ಯಾನರ್ ಎಸೆದ. ಸೆಕೆ ಬೇರೆ. ಮೈಯೆಲ್ಲ ಗ್ರೀಸು, ಧೂಳು, ಬೆವರು. ಅಷ್ಟರಲ್ಲಿ ಗಾಡಿ ಕೊಳ್ಳಲು ಕಾದಿದ್ದ ಅರಕಲಗೂಡಿನ ಶುಂಠಿ ವ್ಯಾಪಾರಿ ಪುಟ್ಟರಾಜುವಿನ ಫೋನು, ಐದನೆಯ ಸಲ.

"ಏನ್ ಸಾ, ಆಯ್ತಾ? ನಾಲ್ಕೂವರೆ ಮ್ಯಾಲೆ ರಾಹುಕಾಲ ಬತ್ತದೆ. ಅಷ್ಟ್ರೊಳಗೆ ಊ ಅನ್ನಿ, ಇಲ್ಲಾ ಊಹೂ ಅನ್ನಿ. ಎಂಡ್ತಿ ಮಕ್ಳು ರೆಡಿಯಾಗಿ ಕುಂತವ್ರೆ."

"ಒಂದು ಸದ್ದಿದೆ. ಸಿಗ್ತಿಲ್ಲ."

"ನಿಮಗೇ ಸಿಗ್ತಿಲ್ವಾ?"

ಆ ಒಂದು ಮಾತು ಸಾಕಾಯಿತು. ಹರ್ಷವರ್ಧನನ ಕೈಗೆ ಸಿಗದ ಸದ್ದು ಜಿಲ್ಲೆಯಲ್ಲಿ ಇಲ್ಲ ಎಂಬ ಹೆಸರನ್ನೇ ನಂಬಿ ಅವನ ಅನ್ನ ನಡೆಯುತ್ತಿತ್ತು. ಕಟ್ಟಂತೆ, ಕಟ್ಟು! ಫೋನ್ ಜೇಬಿಗೆ ತುರುಕಿ, ಗಾಡಿ ಕೆಳಗಿಳಿಸಿ, ಜ್ಯಾಕನ್ನು ಡಿಕ್ಕಿಯೊಳಗೆ ಎಸೆದು, ಹಿಂದೆಯೇ ತಾನೂ ಹತ್ತಿದ. ಜಗಲಿಯ ಮೇಲೆ ಪಾಪಯ್ಯ ಇರಲಿಲ್ಲ, ನೀರು ಕುಡಿಯಲು ಹಿತ್ತಲಿಗೆ ಹೋಗಿದ್ದರು. ಎಡಗಡೆಯ ಪ್ಯಾನೆಲ್ಲಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದ. ಕ್ಲಿಪ್ಪುಗಳು ಪಟಪಟನೆ ಕಿತ್ತುಬಂದವು.

ಬಜೆಯ ವಾಸನೆ ಮುಖಕ್ಕೆ ಹೊಡೆಯಿತು. ಪ್ಯಾನೆಲ್ಲಿನ ಹಿಂದೆ, ಕಬ್ಬಿಣಕ್ಕೆ ಕಪ್ಪು ದಾರದಿಂದ ಬಿಗಿದು ಕಟ್ಟಿದ ಅರಿಶಿನದ ಬಟ್ಟೆಯ ಗಂಟು. ದಾರದ ಜೊತೆ ಉದ್ದನೆಯ ಕೂದಲು ಹೆಣೆದಿತ್ತು. ಅಲ್ಲಿಂದಲೇ, ಅವನ ಕಣ್ಣೆದುರಿಗೇ, ಟಕ್ ಟಕ್. ಬಿಟ್ಟು, ಟಕ್.

ಕತ್ತರಿಯಿಂದ ದಾರ ಕತ್ತರಿಸಿ ಬಟ್ಟೆ ಬಿಚ್ಚಿದ. ಒಂದು ತೆಂಗಿನಕಾಯಿ. ಜುಟ್ಟು ಕೂಡ ತೆಗೆಯದ ಒಣಗಿದ ಕಾಯಿ. ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳುವ ಸದ್ದು. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟರೆ ಹಾಗೆಯೇ ಅಲ್ಲವೇ, ಈ ಸೀಮೆಯ ಮಕ್ಕಳಿಗೂ ಗೊತ್ತು.

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ಗಂಟೆ! ಒಂದು ಗಿಟುಕು ಕಾಯಿಗಾಗಿ ಎರಡು ಗಂಟೆ ನೆಲದ ಮೇಲೆ ಹೊರಳಾಡಿದ್ದ. ಈ ಮೂಢರಿಗೆ ತೋರಿಸಬೇಕು, ಒಳಗಿರುವುದು ಕೊಬ್ಬರಿ, ಇನ್ನೇನೂ ಅಲ್ಲ ಅಂತ. ಕಾಯಿಯನ್ನು ಎತ್ತಿ ಜ್ಯಾಕಿನ ಕಬ್ಬಿಣಕ್ಕೆ ಕುಟ್ಟಿದ. ಒಡೆಯಲಿಲ್ಲ. ಇನ್ನೊಮ್ಮೆ ಕುಟ್ಟಿದ. ಬೆವರು ಕಣ್ಣಿಗಿಳಿಯಿತು, ತೋಳಿನಿಂದ ಒರೆಸಿಕೊಂಡ. ಮೂರನೆಯ ಏಟು ಬಿತ್ತು.

ಟಕ್ ಟಕ್. ಬಿಟ್ಟು, ಟಕ್.

ತಾನೇ ಹೊಡೆದ ಏಟುಗಳ ಲೆಕ್ಕ ಅದು.

ಕಾಯಿ ಎರಡು ಹೋಳಾಗಿತ್ತು. ಒಳಗೆ ಕೊಬ್ಬರಿ ಇರಲಿಲ್ಲ. ನೀರಿಲ್ಲ, ಹುಳುವಿಲ್ಲ, ಬೂಸ್ಟಿಲ್ಲ. ಚಿಪ್ಪು ತೊಳೆದು ಒರೆಸಿದಷ್ಟು ಚೊಕ್ಕಟ. ಹಾಗಾದರೆ ಉರುಳಿದ್ದೇನು?

ಡಿಕ್ಕಿಯ ಬಾಗಿಲು ತಾನಾಗಿ ಇಳಿಯತೊಡಗಿತು. ಕೈ ಕೊಟ್ಟು ತಡೆದ, ನಿಲ್ಲಲಿಲ್ಲ. ಮುಚ್ಚಿಕೊಂಡಿತು. ಮಟಮಟ ಮಧ್ಯಾಹ್ನ ಒಳಗೆ ಕಗ್ಗತ್ತಲೆ. ಕಿಟಕಿಗಳಿದ್ದವಲ್ಲ, ಎಲ್ಲಿ ಹೋದವು? ಬಾಗಿಲಿಗೆ ಗುದ್ದಿದ. ಕೂಗಿದ. ದನಿ ಹತ್ತಿಯಲ್ಲಿ ಹೂತಂತೆ ಅಲ್ಲೇ ಸತ್ತಿತು. ಉಸಿರು ಕಟ್ಟಿತು. ಹರಳೆಣ್ಣೆ ವಾಸನೆ. ಹಸಿ ರಕ್ತದ ವಾಸನೆ.

ಕಾಲ ಬಳಿ ಏನೋ ಹರಿಯಿತು.

ಮೊಳಕಾಲಿಗೆ ಹತ್ತಿತು. ತೊಡೆಗೆ ಬಂತು. ಒಂದು ಕೈ. ಪುಟ್ಟದು. ಒದ್ದೆ. ಬಿಸಿ. ಅಂಗಿ ಹಿಡಿಯಿತು. ಇನ್ನೊಂದು ಕೈ. ಎದೆಯ ಮೇಲೆ ಭಾರ. ಉಸಿರಿಲ್ಲದ ಭಾರ. ಅದು ಹುಡುಕುತ್ತಿತ್ತು. ಅವನ ಹೊಟ್ಟೆ ತಡವಿತು. ಇಲ್ಲಿ ಅಲ್ಲ ಎಂಬಂತೆ ನಿಂತಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೇಗೋ ಎಳೆದು ತೆಗೆದ. ಬೆಳಕಿನಲ್ಲಿ ರೂಪಶ್ರೀಯ ಮುಖ. ಬೇರೇನೂ ಕಾಣಲಿಲ್ಲ. ಒತ್ತಿದ.

"ರೀ, ಬೆಳಿಗ್ಗೆಯಿಂದ ಮಗು ಒಂಚೂರೂ ಅಲ್ಲಾಡ್ಲಿಲ್ಲ ಕಣ್ರೀ. ಭಯ ಆಯ್ತು, ಅದಕ್ಕೇ ಮಾಡ್ದೆ. ನೀವ್ ಯಾವಾಗ..."

ಎದೆಯ ಮೇಲಿನ ಭಾರ ಸರಕ್ಕನೆ ಮೇಲಕ್ಕೆ ಜರುಗಿತು. ಭುಜ. ಕತ್ತು. ಕಿವಿ. ಫೋನ್ ಹಿಡಿದ ಕಿವಿ. "ಇಡು! ಫೋನ್ ಇಡು ರೂಪಾ!" ಎಂದು ಚೀರಿದ. ಭಾರ ಇರಲಿಲ್ಲ. ಹೋಗಿತ್ತು.

"ಅಮ್ಮಾ!" ಎಂದಳು ಅತ್ತ ಕಡೆಯಿಂದ ರೂಪಶ್ರೀ. ಆಮೇಲೆ ಕಿಲಕಿಲ ನಕ್ಕಳು. "ರೀ! ಈಗ ಒದೀತು ಕಣ್ರೀ! ಎಂಥಾ ಒದೆ ಗೊತ್ತಾ!"

ಬಾಗಿಲು ತೆರೆಯಿತು. ಬಿಸಿಲು ಕಣ್ಣಿಗೆ ಚುಚ್ಚಿತು. ಪಾಪಯ್ಯ ನಿಂತಿದ್ದರು, ಅವರ ಕಣ್ಣು ಚಿಪ್ಪಿನ ಹೋಳುಗಳ ಮೇಲಿತ್ತು.

"ಏನ್ ಮಾಡ್ಬುಟ್ರಿ ಸಾ?" ಎರಡು ಹೆಜ್ಜೆ ಹಿಂದೆ ಸರಿದರು. "ಯಾರೋ ಆಗದವ್ರು ಮಾಟ ಮಾಡ್ಸಿದ್ರು. ಮಾನಸವ್ವ, ಸಿದ್ದೇಸಪ್ಪನ ಎಂಡ್ತಿ, ಬಸುರಿಯಾಗಿದ್ದಾಗ. ನಾನೇ ಈ ಗಾಡೀಲಿ ಆಸ್ಪತ್ರೆಗೆ ಕರ್ಕಂಡ್ ಓಯ್ತಿದ್ದೆ. ದಾರೀಲೇ ಎರಿಗೆ ಆಗೋಯ್ತು. ಕೂಸಿಗೆ ಉಸ್ರಿರ್ಲಿಲ್ಲ. ಆದ್ರೆ ಅದ್ರೊಳಗೆ ಒಕ್ಕಂಡಿದ್ದು ಓಗ್ಲಿಲ್ಲ ಸಾ. ಗಾಡೀಲೇ ಉಳ್ಕಂಡು ತಟ್ಟೋಕೆ ಸುರು ಮಾಡ್ತು, ಉಟ್ಬೇಕು ಅಂತ. ಕೊಣನೂರ್ ಕಡೆಯೋನೊಬ್ಬ ಬಂದು ಕಾಯೊಳಕ್ಕೆ ಇಳ್ಸಿ ಕಟ್ಟಿ ಓದ. ಬೇರೆ ಯಾರು ಒಡುದ್ರೂ ಅದು ಗಾಡಿ ಬಿಟ್ಟು ಓಗಲ್ಲ, ಬಸುರಿ ಗಂಡ ಒಡುದ್ರೆ ಮಾತ್ರ ಅದ್ಕೆ ಮನೆ ಸಿಕ್ತದೆ ಅಂದಿದ್ದ. ಅದ್ಕೇ ಅಲ್ವಾ ಅಮ್ಮಾವ್ರು ಕೇಳಿದ್ದು? ನಿಮ್ಮನೇಲಿ ಯಾರೂ ಬಸುರಿ ಇಲ್ಲ ಅಂದ್ರಲ್ಲಾ ಸಾ? ಇಲ್ಲ ತಾನೆ?"

ಹರ್ಷವರ್ಧನ ಡಿಕ್ಕಿಯಿಂದ ಹಾರಿ ಇಳಿದ. ಉಪಕರಣಗಳನ್ನೆಲ್ಲ ಅಲ್ಲೇ ಬಿಟ್ಟು, ಸ್ಟೆತಸ್ಕೋಪ್ ಒಂದನ್ನು ಬಾಚಿಕೊಂಡು, ತನ್ನ ಹಳೇ ಕಾರಿಗೆ ಓಡಿದ. ಹೊಳೆನರಸೀಪುರದವರೆಗೆ ದಾರಿಯೇ ಕಾಣಲಿಲ್ಲ. ಒಂದು ಲಾರಿಯನ್ನು ಉಜ್ಜಿಕೊಂಡೇ ಹೋದ. ಭ್ರಮೆ, ಸೆಕೆಗೆ ತಲೆ ತಿರುಗಿದ್ದು, ಡಿಕ್ಕಿಯೊಳಗೆ ಗಾಳಿಯಿಲ್ಲದೆ ಹಾಗಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಹೊಟ್ಟೆಯಲ್ಲಿ ಮಗು ಒದೆಯದೆ ಇನ್ನೇನು ಮಾಡುತ್ತದೆ, ಒದ್ದರೆ ಒಳ್ಳೆಯದೇ ಅಲ್ಲವೇ ಅಂತಲೂ ಹೇಳಿಕೊಂಡ. ಪುಟ್ಟರಾಜುವಿನ ಫೋನು ಬರುತ್ತಲೇ ಇತ್ತು, ಎತ್ತಲಿಲ್ಲ.

ರೂಪಶ್ರೀ ನಡುಮನೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖದಲ್ಲಿ ಎಂದೂ ಇಲ್ಲದ ಕಳೆ. ಸುಬ್ಬಮ್ಮ ಪಕ್ಕದಲ್ಲಿ ಕೂತು ಮಗಳ ಕಾಲು ಒತ್ತುತ್ತಿದ್ದರು.

"ಯಾಕ್ರೀ ಇಂಗೆ ಬೆವ್ತಿದೀರಾ? ಬನ್ನಿ, ಬನ್ನಿ, ಕೇಳಿ. ಆಗ್ಲಿಂದ ಒಂದೇ ಸಮ ಆಡ್ತಾ ಅದೆ."

ಹತ್ತಿರ ಹೋದ. ಅವಳು ಉಸಿರು ಬಿಟ್ಟಾಗ ಬಜೆಯ ವಾಸನೆ ಬಂತು.

"ಬಜೆ ಏನಾದರೂ ತಿಂದ್ಯಾ?"

"ಇಲ್ವಲ್ಲಾ. ಅದ್ಯಾಕ್ ತಿನ್ಲಿ?"

ಸ್ಟೆತಸ್ಕೋಪಿನ ಕಡ್ಡಿ ಬಿಚ್ಚಿ ಬಿಲ್ಲೆ ಸಿಕ್ಕಿಸಲು ನಾಲ್ಕು ಸಲ ಒದ್ದಾಡಿದ. ಹೊಟ್ಟೆಯ ಮೇಲಿಟ್ಟ. ಬೆಳಿಗ್ಗೆ ಕೇಳಿಸಿದ ಜಾಗ. ಕುದುರೆ ಓಡಲಿಲ್ಲ. ಸ್ವಲ್ಪ ಕೆಳಗಿಟ್ಟ. ಬಲಕ್ಕಿಟ್ಟ. ಎಲ್ಲೂ ಇಲ್ಲ. ಕಣ್ಣು ಮುಚ್ಚಿ, ದೇವರೇ, ಒಂದು ಸಲ, ಒಂದೇ ಒಂದು ಸಲ ಎಂದು ಬೇಡಿಕೊಳ್ಳುತ್ತಾ ಬಿಲ್ಲೆಯನ್ನು ಎಡಗಡೆಗೆ ತಂದ.

ಟಕ್ ಟಕ್.

ಬಿಟ್ಟು, ಟಕ್.

ಒಣ ಸದ್ದು. ಒಳಗೆ ಅದು ಸ್ವಲ್ಪ ಹೊತ್ತು ಸುಮ್ಮನಾಯಿತು, ಅವನೂ ತಟ್ಟಲಿ ಎಂದು ಕಾದಂತೆ. ಆಮೇಲೆ ಮತ್ತೆ ತಟ್ಟಿತು, ಈ ಸಲ ಜೋರಾಗಿ, ಬಿಲ್ಲೆ ಅವನ ಬೆರಳಿನ ಕೆಳಗೆ ಕುಣಿಯುವಷ್ಟು.

"ಕೇಳಿಸ್ತಾ?" ರೂಪಶ್ರೀ ಅವನ ತಲೆಗೂದಲೊಳಗೆ ಬೆರಳಾಡಿಸಿದಳು. ಆರು ವರ್ಷದಲ್ಲಿ ಅವಳು ಇಷ್ಟು ಖುಷಿಯಾಗಿದ್ದದ್ದನ್ನು ಅವನು ನೋಡಿರಲಿಲ್ಲ. "ಹೇಳಿ ಅಂದ್ರೆ! ಚೆನ್ನಾಗೈತಾ?"

ಹನ್ನೊಂದು ವರ್ಷದಲ್ಲಿ ಸದ್ದಿರುವ ಒಂದು ಗಾಡಿಯನ್ನೂ ಅವನು ಸರಿಯಾಗಿದೆ ಎಂದು ಬರೆದುಕೊಟ್ಟವನಲ್ಲ. ಕಿವಿಯಿಂದ ಸ್ಟೆತಸ್ಕೋಪ್ ಕಿತ್ತು, ಸುತ್ತಿ, ಜೇಬಿಗಿಟ್ಟುಕೊಂಡ. ಅವಳ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿದ.

"ಎಲ್ಲಾ ಸರಿಯಾಗಿದೆ ಕಣೆ," ಅಂದ.