ಕಾಲರ್ ಗುಂಡಿ

ನಗರದಲ್ಲಿ ಡಾಕ್ಟರುಗಳಿಗೇನು ಬರವಿರಲಿಲ್ಲ. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಮೂಳೆ ಕೂಡಿದೆ, ನಮ್ಮ ಕೆಲಸ ಮುಗೀತು" ಎಂದರು. ನರದ ಡಾಕ್ಟರು, "ನರ ಚೆನ್ನಾಗಿದೆ, ಮೂಳೆಯವರನ್ನೇ ಕೇಳಿ" ಎಂದರು. ಏಣಿಯಿಂದ ಬಿದ್ದು ಮುರಿದಿದ್ದ ಸಲೂನಿನವನ ಬಲಗೈ ಮಾತ್ರ, ಕತ್ತರಿ ಹಿಡಿಯುವುದಿರಲಿ, ಅಂಗಿಯ ಗುಂಡಿ ಹಾಕಲೂ ಒಲ್ಲೆನ್ನುತ್ತಿತ್ತು.

ಗುಂಡಿ ಹಾಕಲು ಪಕ್ಕದ ಇಸ್ತ್ರಿ ಅಂಗಡಿಯವಳಿದ್ದಳು. ಬೆಳಿಗ್ಗೆ ಅವಳು ಬಾಗಿಲು ತೆಗೆದ ಕೂಡಲೇ ಅವನು ಬಂದು ನಿಲ್ಲುವನು. "ಗದ್ದ ಮೇಲೆ" ಎನ್ನುವಳು. ಅವನು ವಿಧೇಯನಾಗಿ ಚಾವಣಿ ನೋಡುವನು. ಕಾಲರ್ ಗುಂಡಿಗೆ ಮಾತ್ರ ಅವಳು ಬೇಕೆಂದೇ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಅವನ ಕೈ ವಾಸಿಯಾಗಲಿ ಎಂಬ ಹಂಬಲ ನಿಜ. ವಾಸಿಯಾದ ಮೇಲೆ ಆ ಗದ್ದದ ಕೆಳಗೆ ತನಗೇನು ಕೆಲಸ ಎಂಬ ಅಳುಕೂ ಅಷ್ಟೇ ನಿಜ.

ದಾರಿ ತೋರಿಸಿದವರು ದಿಂಬಿನ ಕವರು ಕೊಡಲು ಬಂದ ನಿವೃತ್ತ ನರ್ಸಮ್ಮ. "ಮೂಳೆ ಕೂಡಿಸೋರು ಬೇರೆ, ಕೂಡಿದ್ಮೇಲೆ ಮನುಷ್ಯನನ್ನ ಮತ್ತೆ ಅವನ ಕೆಲಸಕ್ಕೆ ಹಚ್ಚೋರು ಬೇರೆ ಕಣಮ್ಮ. ಪಿ.ಎಂ.ಆರ್. ಡಾಕ್ಟರು ಅಂತಾರೆ. ದೊಡ್ಡಾಸ್ಪತ್ರೆ ಹಿಂದಿನ ಕಟ್ಟಡದಲ್ಲಿ ಕೇಳಿ."

ದೊಡ್ಡಾಸ್ಪತ್ರೆಯಲ್ಲಿ ಔಷಧಿ ಅಂಗಡಿಯವನು ಎಡಕ್ಕೆ ಅಂದ, ಲಿಫ್ಟಿನವನು ಬಲಕ್ಕೆ ಅಂದ. ಕೊನೆಗೆ ಯಾರದೋ ವ್ಹೀಲ್‌ಚೇರಿನ ಹಿಂದೆ ನಡೆದು ಇಬ್ಬರೂ ಜಾಗ ತಲುಪಿದರು. ಒಳಗೆ ಯಾವ ಮಹಡಿಗೂ ಹೋಗದ ನಾಲ್ಕಾರು ಮೆಟ್ಟಿಲು, ಪಕ್ಕದಲ್ಲೊಂದು ಪುಟ್ಟ ಅಡುಗೆಮನೆ.

"ಸ್ಟಾಫ್ ಕ್ಯಾಂಟೀನ್ ಇರ್ಬೇಕು. ಟೀ ಮಾಡೋಣ" ಎಂದ ಅವನು.

"ಕೇಳದೇನೆ?"

"ಬೈದ್ರೆ ನನ್ನ ಕೈ ತೋರಿಸಿ. ಪಾಪ ಅಂತಾರೆ."

ಅವನು ಡಬ್ಬಿಯತ್ತ ಕೈ ಚಾಚುವಷ್ಟರಲ್ಲಿ ಅವಳು ಮುಚ್ಚಳ ತೆಗೆದಿದ್ದಳು. ಚಮಚ ಹಿಡಿಯುವಷ್ಟರಲ್ಲಿ ಸಕ್ಕರೆ ಕಲಕಿದ್ದಳು. ಅವನು ಲೋಟ ಎತ್ತಿದರೆ ಅದರಡಿ ಅವಳ ಅಂಗೈ ಮೊದಲೇ ಕಾದಿತ್ತು. ಮೂಲೆಯಲ್ಲಿ ಕಿತ್ತಳೆ ಸುಲಿಯುತ್ತ ಕೂತಿದ್ದ ನರೆಗೂದಲ ಹೆಂಗಸು ಎಲ್ಲವನ್ನೂ ನೋಡುತ್ತಿದ್ದರು.

"ನನಗೂ ಅರ್ಧ ಲೋಟ ಕೊಡಿ" ಎಂದರು ಅವರು. "ಇದು ಪೇಷಂಟ್‌ಗಳು ಅಭ್ಯಾಸ ಮಾಡೋ ಅಡುಗೆಮನೆ. ನಾನೇ ಡಾಕ್ಟರು."

ಇಬ್ಬರಿಗೂ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಆಮೇಲೆ, "ಬೆಳಿಗ್ಗೆ ಅಂಗಿ ಗುಂಡಿ ಯಾರು ಹಾಕಿದ್ದು?" ಎಂದು ಕೇಳಿದರು. ಅವನು ಅವಳ ಕಡೆ ನೋಡಿದ.

"ವ್ಯಾಯಾಮ ಹೇಳಿಕೊಡ್ತೀವಿ, ಬಿಗಿ ಬಿಡುತ್ತೆ. ಆದ್ರೆ ಇವರ ಕೈ ಹೊರಡೋಕೆ ಮುಂಚೆ ನಿಮ್ಮ ಕೈ ತಲುಪಿರುತ್ತಲ್ಲಮ್ಮ! ಇನ್ನು ಅದು ಕಲಿಯೋದು ಯಾವಾಗ? ಇವತ್ತಿಂದ ನೀವು ಒಂದು ಗುಂಡಿನೂ ಮುಟ್ಟಬಾರದು."

ಅವಳು ಕೈಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಆಸ್ಪತ್ರೆಯೆಲ್ಲ ಅಲೆದು ತಾನೇ ಹುಡುಕಿದ ಡಾಕ್ಟರು ತನ್ನ ಕೈಯನ್ನೇ ಕಟ್ಟಿಹಾಕಿದ್ದರು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯಾಚೆ ಅವನ ರೇಡಿಯೋ ಮಾತ್ರ ಹಾಡುತ್ತಿತ್ತು. 'ಅವನಿಗೆ ಗುಣವಾಗ್ತಿದೆ, ನಿನಗ್ಯಾಕೆ ಸಂಕಟ?' ಎಂದು ತನ್ನನ್ನೇ ಗದರಿಕೊಂಡಳು. ಆ ಗದರಿಕೆಯಲ್ಲಿ ನರ್ಸಮ್ಮನ ದಿಂಬಿನ ಕವರು ಸುಟ್ಟು ಕಂದಾಯಿತು.

ವಾರಗಳು ಕಳೆದ ಮೇಲೊಂದು ಬೆಳಿಗ್ಗೆ ಅವನು ಬಂದು ನಿಂತ. ಗುಂಡಿಗಳೆಲ್ಲ ಹಾಕಿದ್ದವು. ಒಂದು ಕಾಜ ತಪ್ಪಿ, ಕಾಲರಿನ ಒಂದು ತುದಿ ಕಿವಿಯನ್ನು ವಿಚಾರಿಸಿಕೊಳ್ಳುತ್ತಿತ್ತು. ಅವಳ ಕೈ ತಾನಾಗಿ ಎದ್ದಿತು. ಅವಳು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಎಷ್ಟು ಹೊತ್ತು ಹಿಡೀತು?"

"ಹಾಲು ಉಕ್ಕಿ, ಒಲೆ ಒರೆಸಿ, ಮತ್ತೆ ಹಾಲು ಕಾಯಿಸೋ ಅಷ್ಟು."

ಅವಳು ನಕ್ಕಳು. ಕಣ್ಣು ಮಾತ್ರ ಮಾತು ಕೇಳಲಿಲ್ಲ. "ಇನ್ನು ನಿಮಗೆ ನನ್ನಿಂದ ಏನೂ ಆಗಬೇಕಾಗಿಲ್ಲ ಬಿಡಿ."

"ಇಲ್ಲ. ಅದಕ್ಕೇ ಬಂದೆ." ಅವನು ಇಸ್ತ್ರಿ ಮೇಜಿನ ಹತ್ತಿರ ಬಂದ. "ಆಗ್ಲೇ ಹೇಳಿದ್ರೆ, ಗುಂಡಿ ಹಾಕಿಸ್ಕೊಳ್ಳೋಕೆ ಹೇಳ್ತಿದಾನೆ ಅಂದ್ಕೋತಿದ್ರಿ. ಇವತ್ತು ನಾನೇ ಹಾಕ್ಕೊಂಡು ಬಂದಿದೀನಿ. ನಿಮ್ಮಿಂದ ಯಾವ ಕೆಲಸಾನೂ ಬೇಡ. ನೀವು ಬೇಕು, ಅಷ್ಟೆ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಕೈಯನ್ನು ಬೆನ್ನ ಹಿಂದಿನಿಂದ ತಂದು ಮೇಜಿನ ಮೇಲೆ ತೆರೆದಿಟ್ಟಳು.

ಆಚೆಯಿಂದ ಅವನ ಬಲಗೈ ಹೊರಟಿತು. ನಿಧಾನಕ್ಕೆ, ಮಡಿಸಿಟ್ಟ ಬಟ್ಟೆಗಳನ್ನು ದಾಟಿ ಬಂತು. ಅವಳು ತನ್ನ ಕೈಯನ್ನು ಒಂದಿಷ್ಟೂ ಮುಂದೆ ಚಾಚಲಿಲ್ಲ. ಅದು ಬಂದು ತಲುಪುವವರೆಗೂ ಕಾದಳು.